ಈಜುಕೊಳದ ನೀರಿನ ಹದ: ಓದುಗರ ಪ್ರಶ್ನೆಗಳು, ಉತ್ತರಗಳು

ಮನೆಯಂಗಳದ ಈಜುಕೊಳಗಳ ಬಗ್ಗೆ ಬಂದ ಪತ್ರಗಳನ್ನು ಒಟ್ಟಿಗೆ ಓದಿದಾಗ ಬಹುಪಾಲು ಕಡೆ ನಡೆದಿರುವುದು ಒಂದೇ ಬಗೆಯ ಕಥೆ ಎಂಬುದು ತಿಳಿಯುತ್ತದೆ. ನೀರು ಕೆಟ್ಟಿತೆಂದು ಏನಾದರೊಂದನ್ನು ಸುರಿಯಲಾಗಿದೆ, ಅದು ಫಲ ಕೊಡದಿದ್ದಾಗ ಇನ್ನೊಂದನ್ನು ಸುರಿಯಲಾಗಿದೆ, ಕಡೆಗೆ ಕೊಳವನ್ನೇ ಬರಿದು ಮಾಡಿ ಹೊಸ ನೀರು ತುಂಬಿಸಲಾಗಿದೆ. ಮನೆಯ ಸಾಧಾರಣ ಕೊಳವೊಂದು ನಲವತ್ತರಿಂದ ಅರವತ್ತು ಸಾವಿರ ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರನ್ನು ಚರಂಡಿಗೆ ಬಿಡುವ ಪ್ರಸಂಗವೇ ಬಾರದಂತೆ, ಒಮ್ಮೆ ತುಂಬಿದ್ದನ್ನು ವರ್ಷಗಟ್ಟಲೆ ಹದದಲ್ಲಿ ಉಳಿಸಿಕೊಳ್ಳಲು ಸಾಧ್ಯವಿದೆ. ಅದಕ್ಕೆ ಬೇಕಾದದ್ದು ಸುರಿಯುವ ಮೊದಲು ಅಳೆಯುವ ಅಭ್ಯಾಸ.

ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಅಳತೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಪಿಎಚ್ 7.2ರಿಂದ 7.8ರೊಳಗೆ, ಮುಕ್ತ ಕ್ಲೋರಿನ್ (ಕೊಳೆಯೊಂದಿಗೆ ಸೇರಿಹೋಗದೆ ಕೆಲಸಕ್ಕೆ ಉಳಿದಿರುವ ಕ್ಲೋರಿನ್) 1ರಿಂದ 3, ಒಟ್ಟು ಕ್ಷಾರೀಯತೆ (ಪಿಎಚ್ ಏರುಪೇರಾಗದಂತೆ ತಡೆಯುವ ಬೈಕಾರ್ಬನೇಟಿನಂತಹ ವಸ್ತುಗಳ ಅಳತೆ) 80ರಿಂದ 120, ಕ್ಯಾಲ್ಸಿಯಂ ಗಡಸುತನ 200ರಿಂದ 400, ಬಿಸಿಲಿಗೆ ತೆರೆದ ಕೊಳವಾದರೆ ಕ್ಲೋರಿನ್ ಅನ್ನು ಬಿಸಿಲಿನಿಂದ ಕಾಪಾಡುವ ಸಯನ್ಯೂರಿಕ್ ಆಮ್ಲ 30ರಿಂದ 50. ಪಿಎಚ್ ಬಿಟ್ಟು ಉಳಿದವೆಲ್ಲ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಅಂಗಡಿಯವರು ಇದನ್ನೇ ಪಿಪಿಎಂ ಎನ್ನುತ್ತಾರೆ.

ಪ್ರಶ್ನೆ: ದೇವನಹಳ್ಳಿ ಸಮೀಪದ ನಮ್ಮ ಮನೆಯಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲದ ಕೊಳವಿದೆ. ಆಳ ಒಂದು ತುದಿಯಲ್ಲಿ 1.2 ಮೀಟರ್, ಇನ್ನೊಂದು ತುದಿಯಲ್ಲಿ 1.6 ಮೀಟರ್. ಕೊಳವೆಬಾವಿಯ ನೀರು ತುಂಬಿಸಿದ್ದೇವೆ. ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುತ್ತಿದೆ, ನೀರು ಮಸುಕಾಗಿಯೇ ಇರುತ್ತದೆ, ಬ್ಲೀಚಿಂಗ್ ಪೌಡರ್ ಎಷ್ಟು ಹಾಕಿದರೂ ಪಾಚಿ ನಿಲ್ಲುವುದಿಲ್ಲ. ಪ್ರಯೋಗಾಲಯದ ವರದಿಯಲ್ಲಿ ಪಿಎಚ್ 8.2, ಒಟ್ಟು ಕ್ಷಾರೀಯತೆ 320, ಕ್ಯಾಲ್ಸಿಯಂ ಗಡಸುತನ 480 ಎಂದಿದೆ. ನೀರನ್ನು ಪೂರ್ತಿ ಬದಲಿಸಬೇಕೆ?

ಉತ್ತರ: ದಯವಿಟ್ಟು ಬದಲಿಸಬೇಡಿ. ಅದೇ ಕೊಳವೆಬಾವಿಯಿಂದ ಮತ್ತೆ ಅದೇ ಗಡಸು ನೀರು ಬರುತ್ತದೆ. ಖರ್ಚು ಮತ್ತು ನೀರು ಎರಡೂ ವ್ಯರ್ಥ. ನಿಮ್ಮ ವರದಿಯಲ್ಲಿರುವ ಮೂರು ಸಂಖ್ಯೆಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಿಗೆ ನೋಡಬೇಕು. ನೀರು ಸುಣ್ಣದ ಪದರವನ್ನು ಕಟ್ಟುತ್ತದೆಯೋ ಅಥವಾ ಗೋಡೆಯ ಸಿಮೆಂಟನ್ನೇ ಕರಗಿಸಿಕೊಳ್ಳುತ್ತದೆಯೋ ಎಂಬುದನ್ನು ಪಿಎಚ್, ಉಷ್ಣತೆ, ಕ್ಯಾಲ್ಸಿಯಂ, ಕ್ಷಾರೀಯತೆ ಈ ನಾಲ್ಕೂ ಸೇರಿ ನಿರ್ಧರಿಸುತ್ತವೆ. ಈ ಲೆಕ್ಕವನ್ನು 1936ರಲ್ಲಿ ವಿಲ್ಫ್ರೆಡ್ ಲಾಂಜೆಲಿಯರ್ ಎಂಬ ಅಮೆರಿಕದ ನೀರಿನ ತಜ್ಞರು ರೂಪಿಸಿದರು. ಅವರ ಹೆಸರಿನ ಸೂಚ್ಯಂಕ ಸೊನ್ನೆಯ ಆಸುಪಾಸಿನಲ್ಲಿ, ಅಂದರೆ ಮೈನಸ್ 0.3ರಿಂದ ಪ್ಲಸ್ 0.3ರ ನಡುವೆ ಇದ್ದರೆ ನೀರು ಸಮತೋಲದಲ್ಲಿದೆ ಎಂದರ್ಥ. ನಿಮ್ಮ ನೀರಿಗೆ ಅದು ಸುಮಾರು ಪ್ಲಸ್ 1.6 ಬರುತ್ತದೆ. ಟೈಲ್ಸ್ ಮೇಲಿನ ಬಿಳಿ ಪದರಕ್ಕೂ ನೀರಿನ ಮಸುಕಿಗೂ ಇದೇ ಕಾರಣ.

ಪಾಚಿ ನಿಲ್ಲದಿರುವುದಕ್ಕೆ ಕಾರಣವೂ ಇದೇ ವರದಿಯಲ್ಲಿದೆ. ಕ್ಲೋರಿನ್ ನೀರಿಗೆ ಬಿದ್ದಾಗ ಎರಡು ರೂಪಗಳಲ್ಲಿ ಹಂಚಿಹೋಗುತ್ತದೆ: ರೋಗಾಣುಗಳನ್ನೂ ಪಾಚಿಯನ್ನೂ ಬೇಗ ಕೊಲ್ಲುವ ಹೈಪೋಕ್ಲೋರಸ್ ಆಮ್ಲ ಒಂದು, ಬಲ ಬಹಳ ಕಡಿಮೆಯಿರುವ ಹೈಪೋಕ್ಲೋರೈಟ್ ಇನ್ನೊಂದು. ಪಿಎಚ್ 7.5ರಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಪಾಲಾಗಿರುತ್ತವೆ, 8.2ರಲ್ಲಿ ಬಲವುಳ್ಳ ರೂಪ ಆರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಆದ್ದರಿಂದ ನೀವು ಹಾಕುತ್ತಿರುವ ಕ್ಲೋರಿನ್‌ನ ಬಹುಭಾಗ ಕೆಲಸಕ್ಕೆ ಒದಗುತ್ತಿಲ್ಲ. ಮೇಲಾಗಿ ಬ್ಲೀಚಿಂಗ್ ಪೌಡರ್‌ನಲ್ಲಿ ಹೊಸದಾಗಿದ್ದಾಗಲೂ ಮೂರನೇ ಒಂದು ಭಾಗದಷ್ಟೇ ಕ್ಲೋರಿನ್ ಇರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಸುಣ್ಣ. ಗಡಸು ನೀರಿಗೆ ಸುಣ್ಣ ಸೇರಿಸಿದಂತಾಗುವುದರಿಂದ ಅದನ್ನು ಇಂದೇ ನಿಲ್ಲಿಸಿ, ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್‌ಗೆ ಬದಲಾಯಿಸಿ. ಶೇ 10ರ ದ್ರಾವಣವಾದರೆ ನಿಮ್ಮ ಕೊಳದಲ್ಲಿ ಕ್ಲೋರಿನ್ ಮಟ್ಟವನ್ನು 1 ಪಿಪಿಎಂ ಏರಿಸಲು ಸುಮಾರು 450 ಮಿಲಿಲೀಟರ್ ಸಾಕು. ಅದು ಶಾಖಕ್ಕೆ ಬೇಗ ಬಲ ಕಳೆದುಕೊಳ್ಳುವುದರಿಂದ ಒಂದು ತಿಂಗಳಿಗೆ ಆಗುವಷ್ಟನ್ನು ಮಾತ್ರ ತಂದು ನೆರಳಿನಲ್ಲಿಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕ್ಯಾಲ್ಸಿಯಂ ಅನ್ನು ನೀರಿನಿಂದ ತೆಗೆಯುವುದು ಮನೆಯಲ್ಲಿ ಸುಲಭವಲ್ಲ, ಆದರೆ ಕ್ಷಾರೀಯತೆಯನ್ನು ಇಳಿಸುವುದು ಸುಲಭ. ಕ್ಷಾರೀಯತೆಯನ್ನು 80ಕ್ಕೂ ಪಿಎಚ್ ಅನ್ನು 7.4ಕ್ಕೂ ತಂದರೆ, ಗಡಸುತನ 480ರಲ್ಲೇ ಉಳಿದಿದ್ದರೂ ಸೂಚ್ಯಂಕ ಪ್ಲಸ್ 0.2ರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಬಯಲುಸೀಮೆಯ ಗಡಸು ನೀರಿಗೆ ನಾನು ಯಾವಾಗಲೂ ಸೂಚಿಸುವ ದಾರಿ ಇದೇ. ನಿಮ್ಮ ಕೊಳದ ಸರಾಸರಿ ಆಳ 1.4 ಮೀಟರ್ ಆದ್ದರಿಂದ ನೀರು ಸುಮಾರು 45,000 ಲೀಟರ್. ಸಾವಿರ ಲೀಟರ್ ನೀರಿನಲ್ಲಿ ಕ್ಷಾರೀಯತೆಯನ್ನು 10 ಪಿಪಿಎಂ ಇಳಿಸಲು ಶೇ 32ರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 20 ಮಿಲಿಲೀಟರ್ ಬೇಕು. ಆ ಲೆಕ್ಕದಲ್ಲಿ 320ರಿಂದ 80ಕ್ಕೆ ಇಳಿಸಲು ಒಟ್ಟು 21 ಲೀಟರ್‌ನಷ್ಟು ಆಮ್ಲ ಬೇಕಾಗುತ್ತದೆ. ಈ ಸಂಖ್ಯೆಯನ್ನು ನೋಡಿ ಒಮ್ಮೆಗೇ ಸುರಿಯುವ ತಪ್ಪನ್ನು ಯಾರೂ ಮಾಡಬಾರದು. ಹಾಗೆ ಮಾಡಿದರೆ ನೀರು ಪಂಪಿನ ಲೋಹವನ್ನೂ ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಒಂದು ಸಲಕ್ಕೆ ಎರಡು ಲೀಟರ್‌ಗಿಂತ ಹೆಚ್ಚು ಬೇಡ. ಪಂಪ್ ಓಡುತ್ತಿರುವಾಗ, ಕೈಗವಸು ಮತ್ತು ಕನ್ನಡಕ ಧರಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ನೀರು ತುಂಬಿಸಿಕೊಂಡು, ಆ ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಿ, ಆಳದ ತುದಿಯಲ್ಲಿ ಸುತ್ತಲೂ ಹರಡುವಂತೆ ಹಾಕಿ. ಆಮ್ಲಕ್ಕೆ ನೀರನ್ನು ಎಂದೂ ಸುರಿಯಬೇಡಿ. ನಾಲ್ಕೈದು ಗಂಟೆ ಯಾರೂ ಕೊಳಕ್ಕೆ ಇಳಿಯದಂತೆ ನೋಡಿಕೊಂಡು ಮತ್ತೆ ಅಳೆಯಿರಿ.

ಮೊದಲ ಎರಡು ಲೀಟರ್ ಹಾಕಿದಾಗ ನಿಮ್ಮ ನೀರಿನ ಪಿಎಚ್ 7.4ರ ಸುತ್ತಮುತ್ತ ಇಳಿಯುತ್ತದೆ. ಕ್ಷಾರೀಯತೆ ಇನ್ನೂ ಬಹಳ ಉಳಿದಿರುವುದರಿಂದ ಪಿಎಚ್ ತಾನಾಗಿಯೇ ಮತ್ತೆ ಏರತೊಡಗುತ್ತದೆ. ಇದನ್ನು ಕಂಡು ಅನೇಕರು ಆಮ್ಲ ಕೆಲಸ ಮಾಡಲಿಲ್ಲವೆಂದು ಕೈಬಿಡುತ್ತಾರೆ. ನಿಜವಾಗಿ ನಡೆಯುತ್ತಿರುವುದು ನಮಗೆ ಬೇಕಾದದ್ದೇ: ಆಮ್ಲ ಬೈಕಾರ್ಬನೇಟನ್ನು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸಿರುತ್ತದೆ, ಆ ಅನಿಲ ಗಾಳಿಗೆ ಹೊರಟುಹೋದಂತೆ ಪಿಎಚ್ ಏರುತ್ತದೆ, ಆದರೆ ಇಳಿದ ಕ್ಷಾರೀಯತೆ ಮಾತ್ರ ಇಳಿದೇ ಇರುತ್ತದೆ. ಕೊಳಕ್ಕೆ ನೀರು ಮರಳುವ ಬಾಯಿಗಳನ್ನು ಮೇಲ್ಮುಖವಾಗಿ ತಿರುಗಿಸಿ ಮೇಲ್ಮೈಯನ್ನು ಕದಡುವಂತೆ ಮಾಡಿದರೆ, ಅಥವಾ ಕಾರಂಜಿಯಿದ್ದರೆ ಅದನ್ನು ಓಡಿಸಿದರೆ, ಈ ಕೆಲಸ ಬೇಗ ಮುಗಿಯುತ್ತದೆ. ಪಿಎಚ್ 7.8 ದಾಟಿದಾಗ ಮತ್ತೆ ಆಮ್ಲ, ಮತ್ತೆ ಗಾಳಿ. ಕ್ಷಾರೀಯತೆ ಇಳಿಯುತ್ತ ಹೋದಂತೆ ಪಿಎಚ್ ಹೆಚ್ಚು ಸೂಕ್ಷ್ಮವಾಗುತ್ತದೆ, ಆದ್ದರಿಂದ ಪ್ರತಿ ಸಲದ ಆಮ್ಲದ ಪ್ರಮಾಣವನ್ನೂ ಕಡಿಮೆ ಮಾಡುತ್ತ ಬನ್ನಿ. ಕೆಲವು ವಾರಗಳು ಹಿಡಿಯುವ ಈ ಕೆಲಸದಲ್ಲಿ ಅವಸರ ಬೇಡ.

ಇನ್ನೊಂದು ಮಾತು. ಬಿಸಿಲಿಗೆ ಆವಿಯಾಗುವುದು ನೀರು ಮಾತ್ರ. ಲವಣಗಳೆಲ್ಲ ಕೊಳದಲ್ಲೇ ಉಳಿಯುತ್ತವೆ. ಕಡಿಮೆಯಾದ ನೀರನ್ನು ಮತ್ತೆ ಕೊಳವೆಬಾವಿಯಿಂದಲೇ ತುಂಬಿಸಿದರೆ ಗಡಸುತನ ವರ್ಷದಿಂದ ವರ್ಷಕ್ಕೆ ಏರುತ್ತದೆ. ಮಾಳಿಗೆಯ ಮಳೆನೀರನ್ನು ಶೋಧಿಸಿ ಸಂಗ್ರಹಿಸುವ ತೊಟ್ಟಿ ಇದ್ದರೆ ಕೊರತೆಯನ್ನು ಆ ಮೃದುವಾದ ನೀರಿನಿಂದ ತುಂಬಿಸಿ. ರಾತ್ರಿ ಕೊಳಕ್ಕೆ ಹೊದಿಕೆ ಹಾಕಿದರೆ ಆವಿಯಾಗುವುದೂ ತಗ್ಗುತ್ತದೆ.

ಪ್ರಶ್ನೆ: ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ನಮ್ಮ ಮನೆಯ ಕೊಳಕ್ಕೆ ಬಹುಕಾಲದಿಂದ ತೇಲುವ ಡಬ್ಬಿಯಲ್ಲಿ ಟಿಸಿಸಿಎ 90 ಮಾತ್ರೆಗಳನ್ನು ಇಡುತ್ತಿದ್ದೇವೆ. ಕ್ಲೋರಿನ್ 3 ಪಿಪಿಎಂ ಇದೆಯೆಂದು ಪರೀಕ್ಷೆ ತೋರಿಸುತ್ತದೆ, ಆದರೂ ಮೂಲೆಗಳಲ್ಲಿ ಪಾಚಿ ಬರುತ್ತಿದೆ. ಮಾತ್ರೆಯ ಗುಣಮಟ್ಟ ಕೆಟ್ಟಿದೆಯೆ?

ಉತ್ತರ: ಮಾತ್ರೆಯಲ್ಲಿ ದೋಷವಿರಲಾರದು. ಟಿಸಿಸಿಎ ಎಂದರೆ ಕ್ಲೋರಿನ್ ಮತ್ತು ಸಯನ್ಯೂರಿಕ್ ಆಮ್ಲ ಸೇರಿದ ವಸ್ತು. ಈ ಆಮ್ಲ ಕ್ಲೋರಿನ್ ಅನ್ನು ಹಿಡಿದಿಟ್ಟುಕೊಂಡು ಬಿಸಿಲಿನಿಂದ ಕಾಪಾಡುತ್ತದೆ; ಅದಿಲ್ಲದ ತೆರೆದ ಕೊಳದಲ್ಲಿ ಮಧ್ಯಾಹ್ನದ ಬಿಸಿಲು ಎರಡು ಗಂಟೆಯೊಳಗೆ ಬಹುಪಾಲು ಕ್ಲೋರಿನ್ ಅನ್ನು ನಾಶಮಾಡುತ್ತದೆ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಸಯನ್ಯೂರಿಕ್ ಆಮ್ಲ ಖರ್ಚಾಗುವುದಿಲ್ಲ, ಆವಿಯಾಗುವುದೂ ಇಲ್ಲ. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸೇರಿದಾಗಲೆಲ್ಲ 6 ಪಿಪಿಎಂ ಸಯನ್ಯೂರಿಕ್ ಆಮ್ಲವೂ ಸೇರುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಕಾಗುವ ಕೊಳದಲ್ಲಿ ಇದು ತಿಂಗಳಿಗೆ 36 ಪಿಪಿಎಂ ಆಗುತ್ತದೆ; ಮೂರೇ ತಿಂಗಳಲ್ಲಿ ನೂರು ದಾಟಬಹುದು. ಆಮ್ಲ ಹೆಚ್ಚಿದಷ್ಟೂ ಹಿಡಿತ ಬಿಗಿಯಾಗಿ ಕ್ಲೋರಿನ್ ಕೆಲಸ ಮಾಡುವ ವೇಗ ತಗ್ಗುತ್ತದೆ. ಪಾಚಿಯನ್ನು ತಡೆಯಲು ಮುಕ್ತ ಕ್ಲೋರಿನ್ ಸಯನ್ಯೂರಿಕ್ ಆಮ್ಲದ ಶೇ 7.5ರಷ್ಟಾದರೂ ಇರಬೇಕೆಂಬ ಲೆಕ್ಕ ಬಳಕೆಯಲ್ಲಿದೆ. ಆಮ್ಲ 40 ಇದ್ದಾಗ 3 ಪಿಪಿಎಂ ಸಾಕು, 150 ಆಗಿದ್ದರೆ 11ಕ್ಕೂ ಹೆಚ್ಚು ಬೇಕು. ನಿಮ್ಮ 3 ಪಿಪಿಎಂ ಸಾಲದಿರುವುದು ಇದರಿಂದಲೇ ಇರಬೇಕು.

ಮೊದಲು ಸಯನ್ಯೂರಿಕ್ ಆಮ್ಲವನ್ನು ಅಳೆಯಿರಿ. ಕೊಳವೆಯ ತಳದ ಕಪ್ಪು ಚುಕ್ಕೆ ಮರೆಯಾಗುವವರೆಗೆ ನೀರು ತುಂಬಿಸಿ ಓದುವ ಪರೀಕ್ಷೆ ಸಾಮಾನ್ಯವಾಗಿ ನೂರರವರೆಗೆ ಮಾತ್ರ ಸರಿಯಾಗಿ ತೋರಿಸುತ್ತದೆ. ಅದಕ್ಕಿಂತ ಹೆಚ್ಚಿರುವ ಅನುಮಾನವಿದ್ದರೆ ಕೊಳದ ನೀರಿಗೆ ಅಷ್ಟೇ ಪ್ರಮಾಣದ ನಲ್ಲಿ ನೀರು ಬೆರೆಸಿ ಪರೀಕ್ಷಿಸಿ, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಮನೆಯಲ್ಲಿ ಇದನ್ನು ಇಳಿಸಲು ಭರವಸೆಯ ದಾರಿಯೆಂದರೆ ನೀರನ್ನು ಬದಲಿಸುವುದೊಂದೇ. 150ರಿಂದ 50ಕ್ಕೆ ಬರಲು ಮೂರರಲ್ಲಿ ಎರಡು ಪಾಲು ನೀರು ಹೋಗಬೇಕು. 2024ರ ಮಾರ್ಚ್‌ನ ನೀರಿನ ಅಭಾವದಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಅಂತಹ ಊರಿನಲ್ಲಿ ಬೇಸಿಗೆಯಲ್ಲಿ ಕೊಳ ಬರಿದು ಮಾಡುವಂತೆ ನಾನು ಹೇಳಲಾರೆ. ಮಾತ್ರೆಗಳನ್ನು ನಿಲ್ಲಿಸಿ, ದ್ರವ ಕ್ಲೋರಿನ್‌ಗೆ ಬದಲಾಗಿ, ಪ್ರಮಾಣವನ್ನು ಸದ್ಯಕ್ಕೆ ಹೆಚ್ಚಾಗಿಟ್ಟುಕೊಳ್ಳಿ. ಮಳೆಗಾಲದಲ್ಲಿ ದೊಡ್ಡ ಮಳೆಗೆ ಮುಂಚೆ ಮಟ್ಟವನ್ನು ಸ್ವಲ್ಪ ಇಳಿಸಿ ಮಳೆನೀರಿನಿಂದ ತುಂಬಲು ಬಿಡುತ್ತ ಬಂದರೆ, ಕ್ರಮೇಣ ಹದಕ್ಕೆ ಬರುತ್ತದೆ. ಆಮೇಲೆ ಮಾತ್ರೆಗಳನ್ನು ಊರಿಗೆ ಹೋಗುವ ದಿನಗಳಿಗೆ ಮಾತ್ರ ಇಟ್ಟುಕೊಳ್ಳಬಹುದು.

ಪ್ರಶ್ನೆ: ಮಡಿಕೇರಿಯ ಬಳಿ ನಮ್ಮ ತೋಟದಲ್ಲಿ ಹೋಮ್‌ಸ್ಟೇ ಇದೆ. ಸುಮಾರು 60,000 ಲೀಟರಿನ ಕೊಳಕ್ಕೆ ತೊರೆಯ ನೀರು ಬರುತ್ತದೆ. ಮಳೆಗಾಲದಲ್ಲಿ ನೀರು ಹಸಿರಾದಾಗ, ಕಾಫಿಗೆ ಸಿಂಪಡಿಸಲು ತಂದಿದ್ದ ಮೈಲುತುತ್ತದಲ್ಲಿ ಅರ್ಧ ಕೆ.ಜಿ. ಹಾಕಿಸಿದೆವು. ಪಾಚಿ ಹೋಯಿತು, ಆದರೆ ತಿಳಿಯಾದ ನೀರಿಗೇ ಹಸಿರು ಛಾಯೆ ಬಂದಿದೆ, ಅತಿಥಿಯೊಬ್ಬರ ನರೆಗೂದಲು ಹಸಿರಾಯಿತು, ಟೈಲ್ಸ್ ಸಂದಿನ ಸಿಮೆಂಟು ಉದುರುತ್ತಿದೆ. ಕ್ಷಾರೀಯತೆ 30, ಗಡಸುತನ 40. ಏನು ಮಾಡಬೇಕು?

ಉತ್ತರ: ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅರ್ಧ ಕೆ.ಜಿ.ಯಿಂದ ನಿಮ್ಮ ಕೊಳದ ನೀರಿಗೆ ಲೀಟರಿಗೆ 2 ಮಿಲಿಗ್ರಾಂನಷ್ಟು ತಾಮ್ರ ಸೇರಿದೆ. ಕೊಳಗಳಿಗೆಂದೇ ತಯಾರಿಸಿದ ತಾಮ್ರದ ಪಾಚಿನಾಶಕಗಳಲ್ಲಿ ಇದರ ಐದನೇ ಒಂದು ಭಾಗವೂ ಬಳಕೆಯಾಗುವುದಿಲ್ಲ. ಕೂದಲನ್ನು ಹಸಿರಾಗಿಸುವುದು ಕ್ಲೋರಿನ್ ಎಂದು ಜನ ನಂಬಿದ್ದಾರೆ. ಅದು ಅಂಟಿಕೊಂಡ ತಾಮ್ರದ ಬಣ್ಣ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಗಿಡಕ್ಕೇ ಇರಲಿ. ಈ ನೀರನ್ನು ತೊರೆಗೆ ಮರಳಿ ಬಿಡಬೇಡಿ, ತಾಮ್ರ ಮೀನುಗಳಿಗೆ ವಿಷ. ಲೋಹವನ್ನು ಬಂಧಿಸಿಡುವ ದ್ರಾವಣಗಳು ಕೊಳದ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ; ಅದನ್ನು ಹಾಕಿದರೆ ಗೋಡೆಗೆ ಕಲೆ ಹಿಡಿಯುವುದು ತಪ್ಪುತ್ತದೆ. ನಿಮ್ಮಲ್ಲಿ ಮಳೆಗೆ ಕೊರತೆಯಿಲ್ಲದ ಕಾರಣ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುವುದೂ ಸಾಧ್ಯ. ಹೊರಹಾಕುವ ನೀರನ್ನು ಒಂದೇ ಕಡೆ ಕಟ್ಟಿ ನಿಲ್ಲಿಸದೆ, ತೊರೆಯಿಂದ ದೂರದ ಖಾಲಿ ನೆಲದಲ್ಲಿ ಹರಡಿ ಇಂಗುವಂತೆ ಮಾಡಿ.

ಸಿಮೆಂಟು ಉದುರುವುದು ಬೇರೆ ಸಮಸ್ಯೆ. ನಿಮ್ಮದು ದೇವನಹಳ್ಳಿಯವರ ನೀರಿಗೆ ನೇರ ವಿರುದ್ಧ: ಕ್ಯಾಲ್ಸಿಯಂ ಇಲ್ಲದ ಮೃದು ನೀರು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಗೋಡೆಯಿಂದ ಎಳೆದುಕೊಳ್ಳುತ್ತದೆ. ಕ್ಷಾರೀಯತೆಯನ್ನು 30ರಿಂದ 90ಕ್ಕೆ ಏರಿಸಲು ಸುಮಾರು 6 ಕೆ.ಜಿ. ಅಡುಗೆ ಸೋಡಾ ಬೇಕು. ಇದನ್ನು ಎರಡು ಮೂರು ದಿನಗಳಲ್ಲಿ ಹಂಚಿ ಹಾಕಿ. ಅದಾದ ಮೇಲೆ ಗಡಸುತನವನ್ನು 200ಕ್ಕೆ ತರಲು ಹಳಕು ರೂಪದ ಕ್ಯಾಲ್ಸಿಯಂ ಕ್ಲೋರೈಡ್ ಸುಮಾರು 14 ಕೆ.ಜಿ. ಬೇಕಾಗುತ್ತದೆ. ಅದು ಕರಗುವಾಗ ಬಕೆಟ್ಟು ಬಿಸಿಯಾಗುತ್ತದೆ, ಎಚ್ಚರವಿರಲಿ. ಎರಡನ್ನೂ ಒಂದೇ ದಿನ ಹಾಕಿದರೆ ನೀರು ಬೆಳ್ಳಗೆ ಕದಡಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಜಡಿಮಳೆಯ ನಂತರ ಕ್ಷಾರೀಯತೆಯನ್ನು ಮತ್ತೆ ಅಳೆಯಿರಿ, ಏಕೆಂದರೆ ಉಕ್ಕಿ ಹರಿದ ನೀರಿನೊಂದಿಗೆ ನೀವು ಹಾಕಿದ್ದೂ ಹರಿದುಹೋಗಿರುತ್ತದೆ.

ಪ್ರಶ್ನೆ: ಉಡುಪಿಯ ನಮ್ಮ ಬಾವಿಯ ನೀರು ತಿಳಿಯಾಗಿದೆ. ಕೊಳಕ್ಕೆ ತುಂಬಿಸಿ ಕ್ಲೋರಿನ್ ಹಾಕಿದ ಕೂಡಲೇ ಚಹಾದ ಬಣ್ಣಕ್ಕೆ ತಿರುಗಿತು. ಕ್ಲೋರಿನ್ ಕಲಬೆರಕೆಯೆ?

ಉತ್ತರ: ಅಲ್ಲ. ಅದು ನೀರಿನಲ್ಲಿ ಕರಗಿ ಕಾಣದಂತಿದ್ದ ಕಬ್ಬಿಣ. ಕ್ಲೋರಿನ್ ತಗುಲಿದೊಡನೆ ತುಕ್ಕಾಗಿ ಕಾಣಿಸಿಕೊಂಡಿದೆ. ಪಿಎಚ್ ಅನ್ನು 7.2ರ ಹತ್ತಿರ ಇಟ್ಟು, ಪಟಿಕವನ್ನು ನೀರಿನಲ್ಲಿ ಕರಗಿಸಿ ಕೊಳಕ್ಕೆ ಹರಡಿ, ಪಂಪ್ ನಿಲ್ಲಿಸಿ ರಾತ್ರಿಯಿಡೀ ತಂಗಲು ಬಿಡಿ. ಬೆಳಿಗ್ಗೆ ತಳಕ್ಕಿಳಿದ ಕೆಸರನ್ನು ವ್ಯಾಕ್ಯೂಮ್‌ನಿಂದ ಎಳೆದು, ಮರಳಿನ ಫಿಲ್ಟರಿನ ಮೂಲಕ ಹಾಯಿಸದೆ ನೇರವಾಗಿ ಹೊರಕ್ಕೆ ಬಿಡಿ. ಪಟಿಕ ಕ್ಷಾರೀಯತೆಯನ್ನು ಇಳಿಸುವುದರಿಂದ ಆಮೇಲೆ ಅದನ್ನು ಅಳೆದು ಸರಿಪಡಿಸಬೇಕು.

ಪ್ರಶ್ನೆ: ರಜೆಯಲ್ಲಿ ಮೊಮ್ಮಕ್ಕಳೆಲ್ಲ ಸೇರಿದಾಗ ಕೊಳದಿಂದ ಕ್ಲೋರಿನ್ ವಾಸನೆ ಗಾಢವಾಗಿ ಬರುತ್ತದೆ, ಮಕ್ಕಳ ಕಣ್ಣು ಕೆಂಪಾಗುತ್ತದೆ. ಕ್ಲೋರಿನ್ ಕಡಿಮೆ ಮಾಡಿದರೆ ಸರಿಹೋಗುವುದೆ? – ಧಾರವಾಡದ ಓದುಗರು

ಉತ್ತರ: ಕಡಿಮೆ ಮಾಡಿದರೆ ಇನ್ನಷ್ಟು ಹೆಚ್ಚುತ್ತದೆ. ಹದವಾಗಿ ಕ್ಲೋರಿನ್ ಇರುವ ಸ್ವಚ್ಛ ನೀರಿಗೆ ಅಂತಹ ವಾಸನೆ ಇರುವುದಿಲ್ಲ. ಬೆವರು ಮತ್ತು ಮೂತ್ರದಲ್ಲಿನ ಸಾರಜನಕದ ವಸ್ತುಗಳೊಂದಿಗೆ ಕ್ಲೋರಿನ್ ಸೇರಿ ಉಂಟಾಗುವ ಕ್ಲೋರಮೈನ್‌ಗಳೇ ಆ ವಾಸನೆಗೂ ಕಣ್ಣುರಿಗೂ ಕಾರಣ. ಹಳದಿ ಬಣ್ಣ ತೋರಿಸುವ ಅಗ್ಗದ ಪರೀಕ್ಷೆಯಲ್ಲಿ ಮುಕ್ತ ಕ್ಲೋರಿನ್ ಮತ್ತು ಕ್ಲೋರಮೈನ್ ಎರಡೂ ಸೇರಿದ ಒಟ್ಟು ಮಾತ್ರ ಗೊತ್ತಾಗುತ್ತದೆ. ಅದನ್ನು ನಂಬಿಯೇ ಹಲವರು ಮೋಸಹೋಗುತ್ತಾರೆ. ಗುಲಾಬಿ ಬಣ್ಣ ಕೊಡುವ ಡಿಪಿಡಿ ಪರೀಕ್ಷೆಯನ್ನು ಕೊಳ್ಳಿ. ಅದರ ಒಂದನೇ ಸಂಖ್ಯೆಯ ಮಾತ್ರೆ ಮುಕ್ತ ಕ್ಲೋರಿನ್ ಅನ್ನೂ, ಅದೇ ನೀರಿಗೆ ಮೂರನೇ ಸಂಖ್ಯೆಯದನ್ನು ಸೇರಿಸಿದಾಗ ಒಟ್ಟನ್ನೂ ತೋರಿಸುತ್ತದೆ. ಇವೆರಡರ ಅಂತರವೇ ಬದ್ಧ ಕ್ಲೋರಿನ್. ಅದು 0.5 ಬಂದರೆ, ಅದರ ಹತ್ತರಷ್ಟು, ಅಂದರೆ 5 ಪಿಪಿಎಂ ಕ್ಲೋರಿನ್ ಅನ್ನು ಸೂರ್ಯ ಮುಳುಗಿದ ಮೇಲೆ ಒಮ್ಮೆಗೇ ಹಾಕಿ, ಹೊದಿಕೆ ತೆಗೆದು, ರಾತ್ರಿಯಿಡೀ ಪಂಪ್ ಓಡಿಸಿ. ಕ್ಲೋರಿನ್ ಮತ್ತೆ 3ಕ್ಕೆ ಇಳಿದ ನಂತರವೇ ಮಕ್ಕಳನ್ನು ಇಳಿಸಿ. ಇಳಿಯುವ ಮೊದಲು ಪ್ರತಿಯೊಬ್ಬರೂ ಮೈ ತೊಳೆದುಕೊಳ್ಳುವುದು ಯಾವ ರಾಸಾಯನಿಕಕ್ಕಿಂತಲೂ ಹೆಚ್ಚು ಉಪಕಾರಿ.

ಪ್ರಶ್ನೆ: ಕ್ಲೋರಿನ್ ಬೇಡವೆಂದು ಉಪ್ಪಿನ ಯಂತ್ರ ಹಾಕಿಸುವ ಯೋಚನೆಯಿದೆ. ವಿಜಯಪುರದ ಗಡಸು ನೀರಿಗೆ ಆಗುತ್ತದೆಯೆ?

ಉತ್ತರ: ಉಪ್ಪಿನ ಯಂತ್ರವೂ ಕ್ಲೋರಿನ್ ಅನ್ನೇ ತಯಾರಿಸುತ್ತದೆ, ಲೀಟರಿಗೆ ಸುಮಾರು 3 ಗ್ರಾಂ ಉಪ್ಪಿರುವ ನೀರಿನಲ್ಲಿ ವಿದ್ಯುತ್ ಹಾಯಿಸಿ ಅದನ್ನು ಪಡೆಯುತ್ತದೆ. ಅದರಿಂದ ಪಿಎಚ್ ಸದಾ ಏರುತ್ತಿರುತ್ತದೆ, ಗಡಸು ನೀರಿನಲ್ಲಿ ಯಂತ್ರದ ಫಲಕಗಳಿಗೆ ಸುಣ್ಣ ಕಟ್ಟುತ್ತದೆ, ಹೊರಬಿಟ್ಟ ನೀರು ತೋಟಕ್ಕೆ ಬಾರದು. ಮೊದಲ ಉತ್ತರದಲ್ಲಿ ಹೇಳಿದಂತೆ ಕ್ಷಾರೀಯತೆಯನ್ನು ಇಳಿಸಿಟ್ಟುಕೊಂಡರೆ ಮಾತ್ರ ಈ ಖರ್ಚಿಗೆ ಕೈಹಾಕಿ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯಲ್ಲಿ ಆಸಿಡ್, ಬ್ಲೀಚಿಂಗ್ ಪೌಡರ್, ಟಿಸಿಸಿಎ ಮಾತ್ರೆ ಎಲ್ಲವನ್ನೂ ಪಂಪ್ ಕೋಣೆಯಲ್ಲಿ ಒಂದೇ ಕಪಾಟಿನಲ್ಲಿಟ್ಟಿದ್ದೇವೆ. ಮಾತ್ರೆ ಹಾಕುವ ಡಬ್ಬಿಗೆ ತೋಟದ ಕೆಲಸದವರು ಉಳಿದ ಪೌಡರನ್ನೂ ಹಾಕುತ್ತಾರೆ. ತೊಂದರೆಯಿದೆಯೆ?

ಉತ್ತರ: ಇದು ಪ್ರಾಣಾಪಾಯದ ವಿಷಯ, ಈ ಉತ್ತರವನ್ನು ಓದಿದ ದಿನವೇ ವ್ಯವಸ್ಥೆಯನ್ನು ಬದಲಿಸಿ. ಬ್ಲೀಚಿಂಗ್ ಪೌಡರ್ ಅಥವಾ ಅದಕ್ಕಿಂತ ಪ್ರಬಲವಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಟಿಸಿಸಿಎ ಜೊತೆ ಸೇರಿ ಸ್ವಲ್ಪ ತೇವ ತಗುಲಿದರೂ ಬೆಂಕಿ ಹೊತ್ತಿಕೊಳ್ಳಬಹುದು, ಮುಚ್ಚಿದ ಡಬ್ಬಿಯೊಳಗಾದರೆ ಸಿಡಿಯಬಹುದು. ಕ್ಲೋರಿನ್‌ನ ಯಾವುದೇ ವಸ್ತುವಿಗೆ ಆಸಿಡ್ ತಗುಲಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿರಿದಾದ ಪಂಪ್ ಕೋಣೆಯಲ್ಲಿ ಅದರಿಂದ ತಪ್ಪಿಸಿಕೊಳ್ಳಲು ಸಮಯವೇ ಸಿಗದು. ಮೂರನ್ನೂ ಬೇರೆ ಬೇರೆ ಜಾಗಗಳಲ್ಲಿ, ಗಾಳಿಯಾಡುವ, ಒಣಗಿದ, ಮಕ್ಕಳ ಕೈಗೆ ಎಟುಕದ ಕಡೆ, ಮೂಲ ಡಬ್ಬಿಗಳಲ್ಲೇ ಇಡಿ. ಆಸಿಡ್ ಎಲ್ಲಕ್ಕಿಂತ ಕೆಳಗೆ, ನೆಲದ ಮಟ್ಟದಲ್ಲಿರಲಿ. ಪ್ರತಿಯೊಂದಕ್ಕೂ ಒಣಗಿದ ಬೇರೆ ಚಮಚ, ಬೇರೆ ಬಕೆಟ್ಟು ಇರಲಿ. ಈಗ ಎರಡೂ ಬೆರೆತಿರುವ ಡಬ್ಬಿಯನ್ನು ಅಲುಗಾಡಿಸಬೇಡಿ, ತೊಳೆಯಲು ಒಳಗೆ ನೀರು ಸುರಿಯಬೇಡಿ, ಮುಚ್ಚಳ ಬಿಗಿಯಬೇಡಿ; ಎಲ್ಲರನ್ನೂ ದೂರವಿಟ್ಟು, ಕೋಣೆಯ ಬಾಗಿಲು ತೆರೆದಿಟ್ಟು, ಅಗ್ನಿಶಾಮಕ ಠಾಣೆಗೆ ತಿಳಿಸಿ ಅವರು ಹೇಳಿದಂತೆ ಮಾಡಿ. ತುರ್ತಿಗೆ 112ಕ್ಕೆ ಕರೆಮಾಡಬಹುದು. ತೋಟದ ಕೆಲಸದವರಿಗೆ ಈ ವಿಷಯವನ್ನು ನೀವೇ ಎದುರು ಕೂತು ವಿವರಿಸಿ, ಪ್ರತಿ ಡಬ್ಬಿಯ ಮೇಲೆ ಅದರ ಹೆಸರನ್ನೂ ಯಾವುದರ ಜೊತೆ ಸೇರಿಸಬಾರದೆಂಬುದನ್ನೂ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆದು ಅಂಟಿಸಿ.